ಸಾವಿರಾರು ಸಿಬ್ಬಂದಿಯಿರುವ ಸಂಸ್ಥೆಯಲ್ಲಿ ಆನ್‌ಲೈನ್ ತರಬೇತಿ: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸುಮಾರು 4,000 ಜನ ದುಡಿಯುವ ಸಂಸ್ಥೆಯೊಂದರ ತರಬೇತಿ ವಿಭಾಗದ ಹೊಣೆ ನನ್ನ ಮೇಲಿದೆ. ನಮ್ಮ ಘಟಕಗಳು ಆರು ಕಡೆ ಇವೆ, ಮೂರು ಪಾಳಿಗಳಲ್ಲಿ ಕೆಲಸ ನಡೆಯುತ್ತದೆ. ಸಿಬ್ಬಂದಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಮೇಜಿನ ಮುಂದೆ ಕುಳಿತು ಕೆಲಸ ಮಾಡುವವರಲ್ಲ. ಅವರಿಗೆ ಕಚೇರಿಯ ಇಮೇಲ್ ವಿಳಾಸವಾಗಲಿ, ಪ್ರತ್ಯೇಕ ಕಂಪ್ಯೂಟರ್ ಆಗಲಿ ಇಲ್ಲ. ಇದುವರೆಗೆ ಎಲ್ಲ ತರಬೇತಿಯೂ ತರಗತಿಯಲ್ಲೇ ನಡೆಯುತ್ತಿತ್ತು. ಬೆಂಕಿ ಸುರಕ್ಷತೆ, ಯಂತ್ರ ಸುರಕ್ಷತೆ, ಮಾಹಿತಿ ಭದ್ರತೆ, ಕೆಲಸದ ಸ್ಥಳದಲ್ಲಿ ಕಿರುಕುಳ ತಡೆ, ಹೊಸಬರ ಪರಿಚಯ ಶಿಬಿರ ಇವೆಲ್ಲವನ್ನೂ ಒಂದು ವರ್ಷದೊಳಗೆ ಆನ್‌ಲೈನ್‌ಗೆ ತರಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿದೆ. ತರಬೇತಿ ತಂತ್ರಾಂಶ ಮಾರುವ ಮೂರು ಕಂಪನಿಗಳವರು ಬಂದು ತಮ್ಮ ವ್ಯವಸ್ಥೆಯನ್ನು ತೋರಿಸಿ ಹೋಗಿದ್ದಾರೆ. ಮೂರೂ ನೋಡಲು ಒಂದೇ ಬಗೆಯಾಗಿ ಕಂಡವು.

ನನ್ನ ಅಂಜಿಕೆಗೆ ಒಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಾನು ಬೇರೊಂದು ಕಡೆ ಇದ್ದಾಗ ಇಂಥದೇ ಪ್ರಯತ್ನ ನಡೆದಿತ್ತು. ತರಗತಿಯಲ್ಲಿ ತೋರಿಸುತ್ತಿದ್ದ ಸ್ಲೈಡುಗಳನ್ನೇ ಒಟ್ಟು ಮಾಡಿ, ಅದರ ಮೇಲೊಂದು ಧ್ವನಿ ಕೂಡಿಸಿ, ಕೊನೆಗೆ ಹತ್ತು ಪ್ರಶ್ನೆಗಳನ್ನಿಟ್ಟು ಎಲ್ಲರಿಗೂ ಕಳುಹಿಸಲಾಯಿತು. ಗಡುವಿನೊಳಗೆ ಬಹುತೇಕ ಎಲ್ಲರೂ ಮುಗಿಸಿದರೆಂದು ವರದಿಯೂ ಬಂತು, ನಾವು ಸಂತೋಷಪಟ್ಟೆವು. ಅದಾದ ಕೆಲವೇ ವಾರಗಳಲ್ಲಿ ಬೆಂಕಿ ಕವಾಯತು ನಡೆದಾಗ, ಹೊರಗೆ ಬಂದು ಎಲ್ಲಿ ಸೇರಬೇಕೆಂಬುದು ಗೊತ್ತಿಲ್ಲದೆ ಜನ ವಾಹನಗಳ ದಾರಿಯಲ್ಲೇ ಗುಂಪುಗೂಡಿ ನಿಂತರು. ಆ ಪಾಠದ ಮೂರನೆಯ ಸ್ಲೈಡಿನಲ್ಲೇ ಸೇರುವ ಜಾಗದ ನಕ್ಷೆ ಇತ್ತು. ಅಂದು ನನಗಾದ ನಾಚಿಕೆಯನ್ನು ಮರೆಯಲು ಇಂದಿಗೂ ಸಾಧ್ಯವಾಗಿಲ್ಲ.

ಆದ್ದರಿಂದ ಅನುಭವವುಳ್ಳವರಲ್ಲಿ ಕೇಳುತ್ತಿದ್ದೇನೆ. ಯಾವ ತರಬೇತಿಯನ್ನು ಆನ್‌ಲೈನ್‌ಗೆ ತರಬೇಕು, ಯಾವುದನ್ನು ತರಬಾರದು? ಇಮೇಲ್ ಇಲ್ಲದವರನ್ನು ಹೇಗೆ ಸೇರಿಸಿಕೊಳ್ಳಬೇಕು? ತಂತ್ರಾಂಶ ಆರಿಸುವಾಗ ಯಾವುದನ್ನು ನೋಡಬೇಕು? ಎಲ್ಲಕ್ಕಿಂತ ಮುಖ್ಯವಾಗಿ, ಜನ ನಿಜವಾಗಿ ಕಲಿತಿದ್ದಾರೆಂದು ತಿಳಿಯುವುದು ಹೇಗೆ?

ಮೊದಲ ಉತ್ತರ: ತರಬೇತಿ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿದವರಿಂದ

ನಮಸ್ಕಾರ. ತಾವು ಹೇಳಿದ ಕವಾಯತಿನ ಪ್ರಸಂಗದಲ್ಲೇ ಉತ್ತರದ ಅರ್ಧ ಭಾಗ ಇದೆ ಎಂದು ನನಗೆ ಅನ್ನಿಸುತ್ತದೆ. ಅಂದು ಜನರ ಮುಂದೆ ಇಟ್ಟದ್ದು ನಕ್ಷೆ. ಅವರಿಂದ ಬಯಸಿದ್ದು ಮಾತ್ರ ಗಂಟೆ ಬಾರಿಸಿದ ಕೂಡಲೇ ಕಾಲು ತಾನಾಗಿ ಸರಿಯಾದ ದಿಕ್ಕಿಗೆ ತಿರುಗಬೇಕೆಂಬುದು. ಇವೆರಡೂ ಬೇರೆ ಬೇರೆ ಬಗೆಯ ಕಲಿಕೆ. ಹೀಗಾಗಿ ತಂತ್ರಾಂಶದ ಮಾತನ್ನು ಸದ್ಯಕ್ಕೆ ಬದಿಗಿಟ್ಟು, ತಮ್ಮ ಪಟ್ಟಿಯಲ್ಲಿರುವ ಒಂದೊಂದು ತರಬೇತಿಯನ್ನೂ ಬಿಡಿಸಿ ನೋಡಿ: ಇದರಲ್ಲಿ ತಿಳಿಯಬೇಕಾದದ್ದು ಯಾವುದು, ಕೈಯಾರೆ ಮಾಡಿ ರೂಢಿಸಿಕೊಳ್ಳಬೇಕಾದದ್ದು ಯಾವುದು, ಇತರರೊಡನೆ ಕುಳಿತು ಮಾತಾಡಿಯೇ ಅರಿಯಬೇಕಾದದ್ದು ಯಾವುದು ಎಂದು.

ಬೆಂಕಿ ಆರಿಸುವ ಸಿಲಿಂಡರಿನ ವಿಷಯವನ್ನೇ ತೆಗೆದುಕೊಳ್ಳೋಣ. ಪಿನ್ ಎಳೆಯಬೇಕು, ನಳಿಕೆಯನ್ನು ಜ್ವಾಲೆಯ ತುದಿಗಲ್ಲದೆ ಬುಡಕ್ಕೆ ಗುರಿಯಿಡಬೇಕು, ಹಿಡಿಯನ್ನು ಒತ್ತಬೇಕು, ಅತ್ತಿಂದಿತ್ತ ಬೀಸುತ್ತ ಹೋಗಬೇಕು ಎಂಬ ಕ್ರಮವನ್ನು ಐದು ನಿಮಿಷದ ವಿಡಿಯೊ ಚೆನ್ನಾಗಿಯೇ ಕಲಿಸುತ್ತದೆ. ವಿದ್ಯುತ್ ಉಪಕರಣಕ್ಕೆ ಹತ್ತಿದ ಬೆಂಕಿಗೆ ನೀರಿನ ಸಿಲಿಂಡರ್ ಬಳಸಬಾರದೆಂಬ ತಿಳಿವಳಿಕೆಯನ್ನೂ ಕೊಡುತ್ತದೆ. ಆದರೆ ಸಿಲಿಂಡರ್ ಎಷ್ಟು ಭಾರವಿರುತ್ತದೆ, ಒತ್ತಿದಾಗ ಎಷ್ಟು ಜೋರಾಗಿ ಸದ್ದು ಮಾಡುತ್ತದೆ, ಒಳಗಿರುವುದು ಎಷ್ಟು ಬೇಗ ಖಾಲಿಯಾಗುತ್ತದೆ ಎಂಬುದು ಕೈಯಲ್ಲಿ ಹಿಡಿದವರಿಗೆ ಮಾತ್ರ ಗೊತ್ತಾಗುತ್ತದೆ. ಯಂತ್ರ ದುರಸ್ತಿಗೆ ಮುನ್ನ ವಿದ್ಯುತ್ತನ್ನು ಕಡಿದು ಬೀಗ ಹಾಕುವ ಕ್ರಮವೂ ಹೀಗೆಯೇ. ಶಕ್ತಿಯ ಮೂಲಗಳು ಯಾವುವು, ಯಾವ ಅನುಕ್ರಮದಲ್ಲಿ ಕಡಿಯಬೇಕು ಎಂಬುದನ್ನು ಪರದೆಯ ಮೇಲೆ ಕಲಿಸಬಹುದು. ಬೀಗ ಹಾಕಿ, ಯಂತ್ರ ನಿಜವಾಗಿಯೂ ಚಾಲೂ ಆಗುವುದಿಲ್ಲವೆಂದು ಗುಂಡಿ ಒತ್ತಿ ಪರೀಕ್ಷಿಸುವ ಕೆಲಸವನ್ನು ಆ ಯಂತ್ರದ ಮುಂದೆಯೇ, ಬಲ್ಲವರೊಬ್ಬರ ಕಣ್ಣೆದುರಿನಲ್ಲೇ ಮಾಡಿಸಬೇಕು. ಅದಿಲ್ಲದೆ ‘ತರಬೇತಿ ಪೂರ್ಣ’ ಎಂದು ಯಾರ ಹೆಸರಿನ ಮುಂದೆಯೂ ಬರೆಯಬಾರದು.

ಕಿರುಕುಳ ತಡೆಯ ತರಬೇತಿಯಲ್ಲಿ ನಿಯಮ, ದೂರು ಕೊಡುವ ದಾರಿ, ದೂರಿನ ನಂತರ ನಡೆಯುವ ವಿಚಾರಣೆಯ ಹಂತ ಇವುಗಳನ್ನು ಆನ್‌ಲೈನ್‌ನಲ್ಲಿ ಹೇಳಬಹುದು. ಇದರಿಂದ ಒಂದು ಲಾಭವೂ ಇದೆ. ಎಲ್ಲರಿಗೂ ಒಂದೇ ಮಾತು ತಲುಪುತ್ತದೆ, ಬೇಕೆನಿಸಿದಾಗ ಯಾರಿಗೂ ತಿಳಿಯದಂತೆ ಮತ್ತೆ ತೆರೆದು ಓದಿಕೊಳ್ಳಬಹುದು. ಆದರೆ ಮೇಲಧಿಕಾರಿಗಳು ದೂರನ್ನು ಕೇಳಿಸಿಕೊಳ್ಳುವ ಬಗೆಯನ್ನು ಕಲಿಯಬೇಕಾದರೆ ಎದುರುಬದುರು ಕುಳಿತು, ಸಂದರ್ಭಗಳನ್ನಿಟ್ಟುಕೊಂಡು ಚರ್ಚಿಸಲೇಬೇಕು. ಮಾಹಿತಿ ಭದ್ರತೆಯ ತರಬೇತಿ ಮಾತ್ರ ಹೆಚ್ಚಿನಂಶ ಪರದೆಗೇ ಒಗ್ಗುತ್ತದೆ, ಏಕೆಂದರೆ ಮೋಸದ ಇಮೇಲ್ ಬಂದು ಬೀಳುವುದೂ ಪರದೆಯ ಮೇಲೆಯೇ.

ಅಮೆರಿಕದ ಶಿಕ್ಷಣ ಇಲಾಖೆ 2010ರಲ್ಲಿ ಪ್ರಕಟಿಸಿದ, ಹಲವು ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದ ವರದಿಯೊಂದನ್ನು ತಾವು ಕೇಳಿರಬಹುದು. ಕೇವಲ ತರಗತಿಯಲ್ಲಿ ಕಲಿತವರಿಗಿಂತ ತರಗತಿ ಮತ್ತು ಆನ್‌ಲೈನ್ ಎರಡನ್ನೂ ಬೆರೆಸಿ ಕಲಿತವರು ಮುಂದಿದ್ದರೆಂದು ಅದು ಹೇಳಿತು. ಮಾರಾಟಕ್ಕೆ ಬರುವವರು ಇಷ್ಟನ್ನು ಹೇಳಿ ನಿಲ್ಲಿಸುತ್ತಾರೆ. ಹಾಗೆ ಬೆರೆಸಿದ ಕಡೆಗಳಲ್ಲಿ ಕಲಿಯುವವರಿಗೆ ಹೆಚ್ಚು ಸಮಯವೂ ಹೆಚ್ಚು ಪಾಠಸಾಮಗ್ರಿಯೂ ಸಿಗುತ್ತಿತ್ತು, ಆದ್ದರಿಂದ ಫಲಿತಾಂಶವನ್ನು ಮಾಧ್ಯಮವೊಂದಕ್ಕೇ ಆರೋಪಿಸಬಾರದೆಂದು ಅದೇ ವರದಿ ಎಚ್ಚರಿಸಿದೆ. ನನ್ನ ಮಟ್ಟಿಗೆ ಆ ವರದಿಯಲ್ಲಿ ಅತ್ಯಂತ ಉಪಯುಕ್ತವಾದ ಮಾತು ಈ ಎಚ್ಚರಿಕೆಯೇ. ತಮ್ಮ ಆಡಳಿತ ಮಂಡಳಿ ಸಮಯ ಉಳಿಸುವುದಕ್ಕಾಗಿ ಆನ್‌ಲೈನ್ ಬಯಸುತ್ತಿದ್ದರೆ, ಫಲ ತಂದ ಅಂಶವನ್ನೇ ಕಿತ್ತುಹಾಕಿದಂತಾಗುತ್ತದೆ.

ಸಮಯದ ಲೆಕ್ಕವನ್ನು ಮೊದಲ ದಿನವೇ ಕಾಗದದ ಮೇಲೆ ಬರೆದು ಮಂಡಳಿಯ ಮುಂದಿಡಿ. 4,000 ಜನ ಒಂದೊಂದು ಗಂಟೆ ಕಲಿಯಲು ಕುಳಿತರೆ 4,000 ಗಂಟೆ, ಎಂದರೆ ಎಂಟು ಗಂಟೆಯ ಲೆಕ್ಕದಲ್ಲಿ 500 ಕೆಲಸದ ದಿನಗಳು. ಪಾಠವನ್ನು ಹದಿನೈದು ನಿಮಿಷ ಕಡಿಮೆ ಮಾಡಿದರೆ 125 ದಿನ ಉಳಿಯುತ್ತದೆ. ಹೀಗಾಗಿ ಪಾಠದಲ್ಲಿ ಬೇಡದ ಒಂದು ಸ್ಲೈಡನ್ನು ತೆಗೆಯಲು ಪಡುವ ಶ್ರಮ ಖಂಡಿತ ವ್ಯರ್ಥವಲ್ಲ. ಆದರೆ ಉಳಿದ 45 ನಿಮಿಷಕ್ಕೆ ಪಾಳಿಯೊಳಗೇ, ಸಂಬಳದ ಸಮಯದಲ್ಲೇ ಜಾಗ ಮಾಡಿಕೊಡಬೇಕು. ‘ಬಿಡುವು ಸಿಕ್ಕಾಗ ಮಾಡಿ’ ಎಂದು ಹೇಳಿದ ತರಬೇತಿ ನಡೆಯುವುದು ಊಟದ ವಿರಾಮದಲ್ಲಿ, ಇಲ್ಲವೇ ಗಡುವಿನ ಹಿಂದಿನ ರಾತ್ರಿ. ಆಗ ಯಾರೂ ಓದುವುದಿಲ್ಲ, ಬೇಗ ಬೇಗ ಒತ್ತುತ್ತಾ ಹೋಗುತ್ತಾರೆ. ಅವರನ್ನು ದೂಷಿಸುವ ಹಕ್ಕು ನಮಗಿಲ್ಲ.

ಎರಡನೆಯ ಉತ್ತರ: ಮಾಹಿತಿ ತಂತ್ರಜ್ಞಾನ ವಿಭಾಗದವರಿಂದ

ಮೇಲಿನ ಉತ್ತರವನ್ನು ಪೂರ್ತಿಯಾಗಿ ಒಪ್ಪುತ್ತೇನೆ. ತಂತ್ರಾಂಶದ ಬಗ್ಗೆ ನನ್ನ ಅನುಭವದಲ್ಲಿ ಕಂಡ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ.

ಮೂರೂ ವ್ಯವಸ್ಥೆಗಳು ಒಂದೇ ಬಗೆಯಾಗಿ ಕಂಡದ್ದು ಸಹಜ. ಪ್ರಾತ್ಯಕ್ಷಿಕೆಯಲ್ಲಿ ಅವರು ತಮ್ಮ ಪಾಠವನ್ನು, ತಮ್ಮ ಕಂಪ್ಯೂಟರಿನಲ್ಲಿ, ತಾವೇ ಸೃಷ್ಟಿಸಿದ ಹತ್ತು ಹೆಸರುಗಳ ಮೇಲೆ ತೋರಿಸುತ್ತಾರೆ. ನೀವು ನಿಮ್ಮದೇ ಒಂದು ಪಾಠವನ್ನು, ನಿಮ್ಮ ಘಟಕದ ಅತ್ಯಂತ ಹಳೆಯ ಕಂಪ್ಯೂಟರಿನಲ್ಲಿ, ನಿಮ್ಮ ಸಿಬ್ಬಂದಿಯ ಪಟ್ಟಿಯ ಒಂದು ತುಣುಕಿನೊಡನೆ ನಡೆಸಿ ತೋರಿಸುವಂತೆ ಕೇಳಿ. ವ್ಯತ್ಯಾಸ ಅಂದೇ ಕಾಣುತ್ತದೆ.

ಪಾಠಗಳು ಮತ್ತು ಕಲಿಕಾ ನಿರ್ವಹಣಾ ವ್ಯವಸ್ಥೆ (ಪಾಠವನ್ನು ಜನರಿಗೆ ತಲುಪಿಸಿ, ಯಾರು ಎಷ್ಟು ಮುಗಿಸಿದರೆಂದು ದಾಖಲಿಸುವ ತಂತ್ರಾಂಶ) ಪರಸ್ಪರ ಮಾತಾಡಿಕೊಳ್ಳಲು ಸ್ಕಾರ್ಮ್ ಎಂಬ ಮಾನದಂಡವಿದೆ. 1997ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಹುಟ್ಟುಹಾಕಿದ ಯೋಜನೆಯೊಂದರಿಂದ ಇದು ರೂಪುಗೊಂಡಿತು. ಒಂದು ವ್ಯವಸ್ಥೆಗಾಗಿ ತಯಾರಿಸಿದ ಪಾಠ ಇನ್ನೊಂದರಲ್ಲಿ ಓಡುವುದಿಲ್ಲವೆಂಬ ತೊಂದರೆಯನ್ನು ಕಳೆಯುವುದು ಅದರ ಉದ್ದೇಶವಾಗಿತ್ತು. 2001ರಲ್ಲಿ ಬಂದ ಸ್ಕಾರ್ಮ್ 1.2 ಎಂಬ ಆವೃತ್ತಿ ಇಂದಿಗೂ ಬಳಕೆಯಲ್ಲಿದೆ. ಕಲಿಯುತ್ತಿದ್ದವರು ಎಲ್ಲಿ ನಿಲ್ಲಿಸಿದರೆಂಬ ವಿವರವನ್ನು ಉಳಿಸಿಡಲು ಅದರಲ್ಲಿ ನಿಗದಿಯಾಗಿರುವ ಜಾಗ 4,096 ಅಕ್ಷರಗಳು ಮಾತ್ರ. ಇದು ಕೇವಲ ತಾಂತ್ರಿಕ ವಿವರವೆಂದು ತೋರಬಹುದು, ಆದರೆ ನಾವು ಪೆಟ್ಟು ತಿಂದದ್ದು ಇಲ್ಲಿಯೇ. ಒಂದೂವರೆ ಗಂಟೆಯ ದೊಡ್ಡ ಪಾಠವೊಂದರಲ್ಲಿ ಜನ ಅರ್ಧಕ್ಕೆ ನಿಲ್ಲಿಸಿ ಮರುದಿನ ಬಂದಾಗ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತಿತ್ತು. ನೂರಾರು ದೂರು ಬಂದ ಮೇಲೆ, ಆ ಜಾಗ ತುಂಬಿಹೋಗಿ ವಿವರ ಉಳಿಯುತ್ತಿರಲಿಲ್ಲವೆಂದು ತಿಳಿಯಿತು. ಪಾಠವನ್ನು ಹತ್ತು ಹದಿನೈದು ನಿಮಿಷದ ತುಂಡುಗಳಾಗಿ ಮಾಡಿದಾಗ ತೊಂದರೆ ನಿಂತಿತು, ಕಲಿಯುವವರಿಗೂ ಅದೇ ಹಿತವಾಯಿತು. 2013ರಲ್ಲಿ ಎಕ್ಸ್‌ಎಪಿಐ ಎಂಬ ಹೊಸ ಮಾನದಂಡದ 1.0 ಆವೃತ್ತಿ ಬಂತು. ಪರದೆಯ ಹೊರಗೆ, ಯಂತ್ರದ ಮುಂದೆ ನಡೆದ ಪರೀಕ್ಷೆಯನ್ನೂ ಅದರ ಮೂಲಕ ದಾಖಲಿಸಬಹುದು. ಮೇಲಿನವರು ಹೇಳಿದ ‘ಕಣ್ಣೆದುರಿನ ಪರೀಕ್ಷೆ’ ನಿಮಗೆ ಮುಖ್ಯವಾದರೆ, ಅದನ್ನು ಮೇಲ್ವಿಚಾರಕರು ಎಲ್ಲಿ, ಹೇಗೆ ಗುರುತು ಮಾಡಬೇಕೆಂದು ಮಾರಾಟಗಾರರನ್ನು ತಪ್ಪದೆ ಕೇಳಿ.

ಇಮೇಲ್ ಇಲ್ಲದವರಿಗೆ ಸಿಬ್ಬಂದಿ ಸಂಖ್ಯೆಯೇ ಲಾಗಿನ್ ಆಗಲಿ. ಸಿಬ್ಬಂದಿ ಸಂಖ್ಯೆ ಎಂದೂ ಬದಲಾಗುವುದಿಲ್ಲ, ಇಬ್ಬರಿಗೆ ಒಂದೇ ಇರುವುದಿಲ್ಲ. ಹೆಸರು ಮತ್ತು ಇಮೇಲ್ ಹಾಗಲ್ಲ. ಮಾನವ ಸಂಪನ್ಮೂಲ ವಿಭಾಗದ ಪಟ್ಟಿಯಿಂದ ಪ್ರತಿದಿನ ರಾತ್ರಿ ಈ ವ್ಯವಸ್ಥೆಗೆ ವಿವರ ತಾನಾಗಿ ಹರಿದು ಬರಬೇಕು. ಇಂದು ಸೇರಿದವರಿಗೆ ನಾಳೆ ಬೆಳಿಗ್ಗೆ ಪಾಠ ಸಿದ್ಧವಿರಬೇಕು, ಕೆಲಸ ಬಿಟ್ಟವರ ಖಾತೆ ಅಂದೇ ಮುಚ್ಚಬೇಕು, ಒಂದು ಘಟಕದಿಂದ ಇನ್ನೊಂದಕ್ಕೆ ವರ್ಗವಾದವರ ಮೇಲ್ವಿಚಾರಕರ ಹೆಸರು ಬದಲಾಗಬೇಕು. ಎಕ್ಸೆಲ್ ಹಾಳೆಯಲ್ಲಿ ತಿಂಗಳಿಗೊಮ್ಮೆ ಸೇರಿಸುತ್ತೇವೆಂದು ಹೊರಟರೆ ಮೂರನೆಯ ತಿಂಗಳಿಗೆ ವರದಿಯನ್ನು ಯಾರೂ ನಂಬುವುದಿಲ್ಲ. ಒಮ್ಮೆ ನಂಬಿಕೆ ಹೋದರೆ ಅದನ್ನು ಮರಳಿ ಗಳಿಸಲು ವರ್ಷ ಬೇಕು. ಇಡೀ ಯೋಜನೆಯಲ್ಲಿ ಅತ್ಯಂತ ಹೆಚ್ಚು ದಿನ ಹಿಡಿಯುವ ಕೆಲಸ ಪಟ್ಟಿಯನ್ನು ಸರಿಪಡಿಸುವುದೇ ಆಗಿರುತ್ತದೆ.

ಹಂಚಿಕೊಂಡು ಬಳಸುವ ಕಂಪ್ಯೂಟರುಗಳಲ್ಲಿ ಒಬ್ಬರು ಲಾಗ್‌ಔಟ್ ಮಾಡದೆ ಎದ್ದುಹೋದರೆ ಮುಂದೆ ಬಂದವರ ಕಲಿಕೆ ಅವರ ಹೆಸರಿಗೆ ಸೇರುತ್ತದೆ. ಕೆಲವು ನಿಮಿಷ ಯಾರೂ ಮುಟ್ಟದಿದ್ದರೆ ತಾನಾಗಿ ಮುಚ್ಚಿಕೊಳ್ಳುವ ವ್ಯವಸ್ಥೆ ಇರಲಿ, ಪರದೆಯ ಮೇಲ್ಭಾಗದಲ್ಲಿ ಕಲಿಯುತ್ತಿರುವವರ ಹೆಸರು ದೊಡ್ಡ ಅಕ್ಷರಗಳಲ್ಲಿ ಸದಾ ಕಾಣಲಿ. ಸಿಬ್ಬಂದಿ ತಮ್ಮ ಸ್ವಂತ ಮೊಬೈಲಿನಲ್ಲಿ ಮಾಡಲಿ ಎಂಬ ಸಲಹೆ ಬಂದರೆ, ಡೇಟಾ ಖರ್ಚು ಯಾರದು ಎಂಬ ಪ್ರಶ್ನೆಗೆ ಮೊದಲೇ ಉತ್ತರ ಸಿದ್ಧವಿರಬೇಕು. ಸೆಕೆಂಡಿಗೆ 1 ಮೆಗಾಬಿಟ್ ವೇಗದ ಸಾಧಾರಣ ವಿಡಿಯೊ ಹತ್ತು ನಿಮಿಷಕ್ಕೆ ಸುಮಾರು 75 ಮೆಗಾಬೈಟ್ ನುಂಗುತ್ತದೆ. ಅದೇ ವಿಡಿಯೊವನ್ನು ಒಂದೇ ಘಟಕದಲ್ಲಿ 300 ಜನ ಏಕಕಾಲಕ್ಕೆ ತೆರೆದರೆ ಸೆಕೆಂಡಿಗೆ 300 ಮೆಗಾಬಿಟ್ ಬೇಕು. ಉದ್ಘಾಟನೆಯ ದಿನ ಎಲ್ಲರಿಗೂ ಒಟ್ಟಿಗೆ ಸಂದೇಶ ಕಳುಹಿಸಬೇಡಿ ಎಂದು ನಾನು ಹೇಳುವುದು ಇದಕ್ಕಾಗಿಯೇ. ದಿನಕ್ಕೊಂದು ವಿಭಾಗದಂತೆ ತೆರೆಯಿರಿ.

ಮೂಡಲ್ ಎಂಬ ಮುಕ್ತ ಕಲಿಕಾ ನಿರ್ವಹಣಾ ತಂತ್ರಾಂಶ 2002ರಿಂದ ಇದೆ, ಪರವಾನಗಿಗೆ ಹಣ ಕೊಡಬೇಕಾಗಿಲ್ಲ. ನಮ್ಮಲ್ಲಿ ಅದನ್ನೇ ಬಳಸುತ್ತೇವೆ, ಸಂತೋಷವಾಗಿಯೇ ಬಳಸುತ್ತೇವೆ. ಆದರೆ ಸರ್ವರ್, ಬ್ಯಾಕಪ್, ಆವೃತ್ತಿ ಬದಲಾವಣೆ, ಭದ್ರತೆ ಇವುಗಳನ್ನು ನೋಡಿಕೊಳ್ಳಲು ಬಲ್ಲವರ ಸಮಯ ಬೇಕು. ಅಂಥವರಿಲ್ಲದ ಸಂಸ್ಥೆ ಉಚಿತವೆಂದು ಆರಿಸಿಕೊಂಡರೆ ಮುಂದೆ ಕಷ್ಟಪಡುತ್ತದೆ. ಯಾವುದನ್ನೇ ಕೊಂಡರೂ, ಒಪ್ಪಂದ ಮುಗಿದಾಗ ಎಲ್ಲ ಕಲಿಕೆಯ ದಾಖಲೆಯನ್ನೂ ಓದಬಲ್ಲ ರೂಪದಲ್ಲಿ ಹಿಂದಿರುಗಿಸುತ್ತಾರೆಂಬ ಷರತ್ತನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ. ಸುರಕ್ಷತಾ ತರಬೇತಿಯ ದಾಖಲೆಯನ್ನು ವರ್ಷಗಳ ನಂತರವೂ ಕೇಳಬಹುದು.

ಮೂರನೆಯ ಉತ್ತರ: ಪಾಳಿಯ ಮೇಲ್ವಿಚಾರಕರೊಬ್ಬರಿಂದ

ನಾನು ತರಬೇತಿಯ ತಜ್ಞನಲ್ಲ. ನನ್ನ ಕೈಕೆಳಗೆ ಮೂವತ್ತು ಜನರಿದ್ದಾರೆ, ಇಂಥ ಯೋಜನೆ ನಮ್ಮಲ್ಲಿ ಬಂದಾಗ ಏನಾಯಿತೆಂಬುದನ್ನು ಮಾತ್ರ ಹೇಳಬಲ್ಲೆ.

ಪಾಳಿ ಬದಲಾಗುವ ಅರ್ಧ ಗಂಟೆಯಲ್ಲಿ ತರಬೇತಿ ಮಾಡಿಸಿ ಎಂದು ಮೇಲಿನಿಂದ ಬರೆದರು. ಹಿಂದಿನ ಪಾಳಿಯವರು ಯಾವ ಯಂತ್ರ ಸದ್ದು ಮಾಡುತ್ತಿದೆ, ಯಾವ ಕೆಲಸ ಅರ್ಧಕ್ಕೆ ನಿಂತಿದೆ ಎಂದು ಮುಂದಿನವರಿಗೆ ಒಪ್ಪಿಸುವ ಹೊತ್ತು ಅದು. ಸುರಕ್ಷತೆಯ ಪಾಠಕ್ಕಾಗಿ ಸುರಕ್ಷತೆಗೆ ಅತಿ ಮುಖ್ಯವಾದ ಆ ಮಾತುಕತೆಯನ್ನೇ ಕತ್ತರಿಸುವಂತಾಯಿತು. ನಾನು ಲಿಖಿತವಾಗಿ ಆಕ್ಷೇಪಿಸಿದ ಮೇಲೆ ವಾರದಲ್ಲಿ ಒಂದು ದಿನ, ಕೆಲಸ ಹಗುರವಿರುವ ಹೊತ್ತಿನಲ್ಲಿ, ಆರಾರು ಜನರಂತೆ ಕಳುಹಿಸಲು ಒಪ್ಪಿದರು. ಆರು ಜನ ಹೋದಾಗ ಅವರ ಜಾಗದಲ್ಲಿ ಯಾರು ನಿಲ್ಲಬೇಕೆಂಬುದನ್ನು ಪಾಳಿಪಟ್ಟಿಯಲ್ಲೇ ಬರೆದರೆ ಮಾತ್ರ ಇದು ನಡೆಯುತ್ತದೆ.

ಇನ್ನೊಂದು ಸಂಗತಿ ಹೇಳಬೇಕು. ಇಪ್ಪತ್ತೈದು ವರ್ಷ ಕೆಲಸ ಮಾಡಿ, ಯಂತ್ರದ ಸದ್ದು ಕೇಳಿಯೇ ದೋಷ ಹೇಳಬಲ್ಲ ಹಿರಿಯರೊಬ್ಬರು ನಮ್ಮಲ್ಲಿದ್ದಾರೆ. ಪರದೆಯ ಮೇಲಿನ ಪರೀಕ್ಷೆಯಲ್ಲಿ ಎರಡು ಬಾರಿ ಅನುತ್ತೀರ್ಣರಾದರು. ಕೆಲಸ ಅವರಿಗೆ ಗೊತ್ತಿರಲಿಲ್ಲವೆಂದಲ್ಲ, ಪ್ರಶ್ನೆಯ ವಾಕ್ಯವೇ ಅರ್ಥವಾಗುವಂತಿರಲಿಲ್ಲ. ಬೇರೆ ಭಾಷೆಯಲ್ಲಿ ಬರೆದದ್ದನ್ನು ಪದಕ್ಕೆ ಪದ ತಂದಿಟ್ಟ ವಾಕ್ಯಗಳು ಅವು, ನನಗೂ ಎರಡು ಸಲ ಓದಬೇಕಾಯಿತು. ಅವರ ಫಲಿತಾಂಶವನ್ನು ಹೆಸರುಸಹಿತ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದ್ದರು. ಆ ಪಟ್ಟಿಯನ್ನು ನಾನೇ ಕಿತ್ತು ತೆಗೆದೆ, ಅದಕ್ಕಾಗಿ ಯಾವ ವಿವರಣೆ ಕೇಳಿದ್ದರೂ ಕೊಡುತ್ತಿದ್ದೆ. ದಯವಿಟ್ಟು ಪಾಠವನ್ನು ಕಲಿಯುವವರ ಭಾಷೆಯಲ್ಲೇ, ಅವರು ಕೆಲಸದಲ್ಲಿ ಬಳಸುವ ಪದಗಳಲ್ಲೇ ಬರೆಸಿ. ಮೊದಲು ಇಬ್ಬರು ಮೂವರು ಹಿರಿಯ ಕೆಲಸಗಾರರಿಗೆ ಓದಿಸಿ, ಅವರು ತಡವರಿಸಿದ ಕಡೆ ತಿದ್ದಿ. ಸದ್ದಿರುವ ಜಾಗದಲ್ಲಿ ಧ್ವನಿ ಕೇಳಿಸುವುದಿಲ್ಲವಾದ್ದರಿಂದ ಮಾತೆಲ್ಲವೂ ಅಕ್ಷರದಲ್ಲಿಯೂ ಕಾಣುವಂತಿರಲಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಃಪೂರ್ವಕ ವಂದನೆಗಳು. ಪಾಳಿ ಬದಲಾಗುವ ಹೊತ್ತಿನ ವಿಷಯ ನನ್ನ ಕರಡು ಯೋಜನೆಯಲ್ಲೂ ಹಾಗೆಯೇ ಇತ್ತು. ಇಂದೇ ಅದನ್ನು ತೆಗೆದುಹಾಕಿದ್ದೇನೆ.

ಇನ್ನೂ ಒಂದು ಸಂಕಟ ಉಳಿದಿದೆ. ಎಷ್ಟು ಮಂದಿ ಮುಗಿಸಿದರು ಎಂಬ ಒಂದೇ ಅಂಕಿಯನ್ನು ಡ್ಯಾಶ್‌ಬೋರ್ಡಿನಲ್ಲಿ ನೋಡಲು ಮಂಡಳಿ ಬಯಸುತ್ತದೆ. ಜನ ಪಾಠವನ್ನು ಹಾರಿಸಿಕೊಂಡು ಹೋಗದಂತೆ, ಪ್ರತಿ ಪುಟದಲ್ಲೂ ನಿಗದಿತ ಸಮಯ ಕಳೆಯುವವರೆಗೆ ‘ಮುಂದೆ’ ಎಂಬ ಗುಂಡಿಗೆ ಬೀಗ ಹಾಕಬೇಕೆಂಬ ಸೂಚನೆಯೂ ಬಂದಿದೆ. ಇದು ಸರಿಯೇ? ಸರಿಯಲ್ಲದಿದ್ದರೆ ಮಂಡಳಿಯ ಮುಂದೆ ಬದಲಿಗೆ ಏನನ್ನಿಡಲಿ?

ನಾಲ್ಕನೆಯ ಉತ್ತರ: ಪಾಠಗಳನ್ನು ರೂಪಿಸುವವರಿಂದ

ಗುಂಡಿಗೆ ಬೀಗ ಹಾಕಿದರೆ ಗಮನ ಸಿಗುವುದಿಲ್ಲ. ಜನ ಪರದೆಯನ್ನು ತೆರೆದಿಟ್ಟು ಬೇರೆ ಕೆಲಸ ಮಾಡುತ್ತಾರೆ, ಬೇಗ ಓದಬಲ್ಲವರು ಸಿಟ್ಟಾಗುತ್ತಾರೆ. ಅದಕ್ಕೆ ಬದಲಾಗಿ ಪಾಠದ ಆರಂಭದಲ್ಲೇ ಪ್ರಶ್ನೆಗಳನ್ನಿಡಿ. ಆಗಲೇ ಚೆನ್ನಾಗಿ ಬಲ್ಲವರು ಸರಿಯಾಗಿ ಉತ್ತರಿಸಿ ಅಲ್ಲಿಂದಲೇ ಹೊರಡಲಿ. ಪ್ರತಿವರ್ಷ ಒಂದೇ ಪಾಠವನ್ನು ನೋಡುವ ಅನುಭವಿಗಳಿಗೆ ಇದಕ್ಕಿಂತ ದೊಡ್ಡ ಗೌರವ ಇನ್ನೊಂದಿಲ್ಲ, ಸಂಸ್ಥೆಗೂ ಗಂಟೆಗಳು ಉಳಿಯುತ್ತವೆ.

ಅಳತೆಯ ಬಗ್ಗೆ ಹೇಳುವುದಾದರೆ, ಅಮೆರಿಕದ ವಿದ್ವಾಂಸ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಅವರು 1959ರಲ್ಲಿ ಆರಂಭಿಸಿದ ಲೇಖನಮಾಲೆಯಲ್ಲಿ ತರಬೇತಿಯ ಮೌಲ್ಯಮಾಪನಕ್ಕೆ ನಾಲ್ಕು ಹಂತಗಳನ್ನು ಸೂಚಿಸಿದರು: ಕಲಿತವರ ಪ್ರತಿಕ್ರಿಯೆ, ಕಲಿತ ಪ್ರಮಾಣ, ಕೆಲಸದಲ್ಲಿ ಬದಲಾದ ನಡವಳಿಕೆ, ಅದರಿಂದ ಸಂಸ್ಥೆಗಾದ ಪರಿಣಾಮ. ಮಂಡಳಿ ಕೇಳುತ್ತಿರುವ ‘ಎಷ್ಟು ಮಂದಿ ಮುಗಿಸಿದರು’ ಎಂಬ ಅಂಕಿ ಈ ನಾಲ್ಕರಲ್ಲಿ ಎಲ್ಲಿಯೂ ಬರುವುದಿಲ್ಲ. ಅದು ಹಾಜರಾತಿ ಮಾತ್ರ. ಹಾಜರಾತಿ ಬೇಕು, ಅದನ್ನು ಹಾಜರಾತಿ ಎಂದೇ ಕರೆಯಿರಿ. ಪಕ್ಕದಲ್ಲಿ ಇನ್ನೆರಡು ಅಂಕಿಗಳನ್ನಿಡಿ. ಪಾಠ ಮುಗಿಸಿ ಒಂದು ತಿಂಗಳಾದ ಮೇಲೆ ಕೇಳಿದ ಮೂರು ನಾಲ್ಕು ಪ್ರಶ್ನೆಗಳಿಗೆ ಎಷ್ಟು ಮಂದಿ ಸರಿಯಾಗಿ ಉತ್ತರಿಸಿದರು ಎಂಬುದು ಒಂದು. ಕೆಲಸದ ಜಾಗದಲ್ಲೇ ಕಣ್ಣಿಗೆ ಕಂಡ ನಡವಳಿಕೆ ಇನ್ನೊಂದು. ನಿಮ್ಮ ಕವಾಯತನ್ನೇ ತೆಗೆದುಕೊಳ್ಳಿ: ಎಲ್ಲರೂ ಸರಿಯಾದ ಜಾಗದಲ್ಲಿ ಸೇರಲು ಎಷ್ಟು ನಿಮಿಷ ಹಿಡಿಯಿತು, ಎಷ್ಟು ಮಂದಿ ತಪ್ಪು ಜಾಗಕ್ಕೆ ಹೋದರು ಎಂಬುದನ್ನು ತರಬೇತಿಗೆ ಮುಂಚೆ ಒಮ್ಮೆ, ನಂತರ ಒಮ್ಮೆ ಬರೆದಿಡಿ. ಮುಂಚಿನ ಅಳತೆ ತೆಗೆಯಲು ಈಗ ಮಾತ್ರ ಅವಕಾಶವಿದೆ, ತರಬೇತಿ ಆರಂಭವಾದ ಮೇಲೆ ಅದು ಸಿಗುವುದಿಲ್ಲ.

ಒಂದು ತಿಂಗಳ ನಂತರದ ಪ್ರಶ್ನೆಗಳು ಅಳತೆಗೆ ಮಾತ್ರವಲ್ಲ, ಕಲಿಕೆಗೂ ಬೇಕು. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇವೆಂದು ಅಳೆದು ತೋರಿಸಿದರು. ಮರೆವು ಮೊದಲು ವೇಗವಾಗಿ, ಆಮೇಲೆ ನಿಧಾನವಾಗಿ ಸಾಗುತ್ತದೆ. ಅರ್ಥವುಳ್ಳ ಕೆಲಸದ ವಿಷಯವನ್ನು ಅಷ್ಟೇ ಬೇಗ ಮರೆಯುತ್ತೇವೆಂದು ಇದರಿಂದ ಹೇಳಲಾಗದು, ಆದರೆ ಒಮ್ಮೆ ಕೇಳಿದ್ದು ವರ್ಷವಿಡೀ ಉಳಿಯುತ್ತದೆಂದು ನಂಬುವುದಕ್ಕೂ ಆಧಾರವಿಲ್ಲ. ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ನಡೆಸಿದ ಪ್ರಯೋಗ ನನ್ನ ಕೆಲಸದ ರೀತಿಯನ್ನೇ ಬದಲಿಸಿತು. ವಿದ್ಯಾರ್ಥಿಗಳಲ್ಲಿ ಒಂದು ಗುಂಪು ಗದ್ಯಭಾಗವನ್ನು ಮತ್ತೆ ಓದಿತು, ಇನ್ನೊಂದು ಗುಂಪು ಓದಿದ್ದನ್ನು ನೋಡದೆ ನೆನಪಿಸಿಕೊಂಡು ಬರೆಯಿತು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರು ಮುಂದಿದ್ದರು. ಒಂದು ವಾರದ ನಂತರ ನೆನಪಿಸಿಕೊಂಡು ಬರೆದವರು ಮುಂದಿದ್ದರು. ಪಾಠ ಮುಗಿದ ಕೂಡಲೇ ಇಡುವ ಪರೀಕ್ಷೆ ಏಕೆ ನಮ್ಮನ್ನು ತಪ್ಪು ದಾರಿಗೆ ಎಳೆಯುತ್ತದೆಂಬುದು ಇಲ್ಲಿ ಸ್ಪಷ್ಟವಾಗಿದೆ. ಆ ಹೊತ್ತಿನಲ್ಲಿ ಎಲ್ಲವೂ ನೆನಪಿರುತ್ತದೆ. ಆದ್ದರಿಂದ ಪಾಠದ ನಡುನಡುವೆ ಕೇಳಿ, ವಾರದ ಮೇಲೆ ಎರಡು ಪ್ರಶ್ನೆ ಕಳುಹಿಸಿ, ತಿಂಗಳ ಮೇಲೆ ಮತ್ತೆ ಕೇಳಿ. ಒಟ್ಟು ಸಮಯ ಹೆಚ್ಚಾಗುವುದಿಲ್ಲ, ಅದನ್ನು ಹರಡಿದಂತಾಗುತ್ತದೆ ಅಷ್ಟೆ.

ಪ್ರಶ್ನೆಯ ಗುಣಮಟ್ಟದ ಬಗ್ಗೆ ನಾನು ಹಟಮಾರಿ. ‘ಸುರಕ್ಷತಾ ನೀತಿಯಲ್ಲಿ ಎಷ್ಟು ಅಂಶಗಳಿವೆ?’ ಎಂಬ ಪ್ರಶ್ನೆಗೆ ಸರಿಯುತ್ತರ ಕೊಟ್ಟವರು ಯಾವ ಅಪಾಯದಿಂದಲೂ ಪಾರಾಗುವುದಿಲ್ಲ. ‘ಗಂಟೆ ಬಾರಿಸಿದೆ. ನೀವು ಎರಡನೆಯ ಮಹಡಿಯಲ್ಲಿದ್ದೀರಿ. ಹತ್ತಿರದ ಮೆಟ್ಟಿಲಿನಲ್ಲಿ ಹೊಗೆ ಇದೆ, ಜೊತೆಯಲ್ಲಿರುವವರು ಲಿಫ್ಟಿನ ಕಡೆ ಹೊರಟಿದ್ದಾರೆ. ಏನು ಮಾಡುತ್ತೀರಿ?’ ಎಂದು ಕೇಳಿ. ತಪ್ಪು ಉತ್ತರ ಕೊಟ್ಟಾಗ ಕೆಂಪು ಗುರುತು ಹಾಕಿ ಸುಮ್ಮನಾಗದೆ, ಅದು ಏಕೆ ತಪ್ಪೆಂದು ಎರಡು ಸಾಲಿನಲ್ಲಿ ಹೇಳಿ. ಕಲಿಕೆ ನಡೆಯುವುದು ಆ ಎರಡು ಸಾಲಿನಲ್ಲೇ.

ಮಾರಾಟಗಾರರು ತೋರಿಸುವ ಒಂದು ಚಿತ್ರದ ಬಗ್ಗೆಯೂ ಎಚ್ಚರಿಸಬೇಕು. ಓದಿದ್ದರಲ್ಲಿ ಶೇ. 10, ನೋಡಿದ್ದರಲ್ಲಿ ಶೇ. 30, ಮಾಡಿದ್ದರಲ್ಲಿ ಶೇ. 90 ನೆನಪಿರುತ್ತದೆ ಎಂಬ ಪಿರಮಿಡ್ಡಿನ ಅಂಕಿಗಳಿಗೆ ಸಂಶೋಧನೆಯ ಆಧಾರವಿಲ್ಲ. ಕೆಲವರು ಕಣ್ಣಿನಿಂದ, ಕೆಲವರು ಕಿವಿಯಿಂದ ಕಲಿಯುವವರು, ಅದಕ್ಕೆ ತಕ್ಕಂತೆ ಪಾಠ ಬೇರೆ ಮಾಡಬೇಕೆಂಬ ವಾದವನ್ನು ಮನಶ್ಶಾಸ್ತ್ರಜ್ಞ ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲಿ ಪರಿಶೀಲಿಸಿ, ಅದನ್ನು ಸಮರ್ಥಿಸುವಷ್ಟು ಪುರಾವೆಯಿಲ್ಲವೆಂದು ತೀರ್ಮಾನಿಸಿದರು. ಅದಕ್ಕೆ ಹಣ ಕೊಡಬೇಡಿ. ಕಣ್ಣು ಮಂದವಾದವರಿಗೂ ಅಕ್ಷರ ಓದಲು ಬರುವಂತೆ ನೋಡಿಕೊಳ್ಳುವುದಕ್ಕೆ ಕೊಡಿ. ವೆಬ್ ಪುಟಗಳ ಸುಗಮತೆಗಾಗಿ ಇರುವ ಡಬ್ಲ್ಯುಸಿಎಜಿ ಮಾರ್ಗಸೂಚಿಯ ‘ಎಎ’ ಮಟ್ಟದಲ್ಲಿ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಹೊಳಪಿನ ವ್ಯತ್ಯಾಸ (ಕಾಂಟ್ರಾಸ್ಟ್) ಇರಬೇಕೆಂದಿದೆ. ವಿಡಿಯೊಗೆ ಅಕ್ಷರರೂಪ ಇರಬೇಕು, ಮೌಸ್ ಇಲ್ಲದೆ ಕೀಲಿಮಣೆಯಿಂದಲೇ ಎಲ್ಲವನ್ನೂ ಮಾಡಲು ಬರಬೇಕು ಎಂದೂ ಇದೆ. ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಇವನ್ನು ಪರೀಕ್ಷಿಸಿ.

ಪ್ರಶ್ನೆ ಕೇಳಿದವರಿಂದ

ಎಲ್ಲ ಉತ್ತರಗಳನ್ನೂ ಮುದ್ರಿಸಿಕೊಂಡು ಸಹೋದ್ಯೋಗಿಗಳೊಡನೆ ಕುಳಿತು ಚರ್ಚಿಸಿದೆವು. ಆರು ಘಟಕಗಳಲ್ಲಿ ಒಂದನ್ನು ಮಾತ್ರ ಮೊದಲು ಆರಿಸಿಕೊಂಡು, ಬೆಂಕಿ ಸುರಕ್ಷತೆ ಮತ್ತು ಮಾಹಿತಿ ಭದ್ರತೆ ಎರಡನ್ನಷ್ಟೇ ಮೂರು ತಿಂಗಳು ನಡೆಸುವ ಪ್ರಸ್ತಾವವನ್ನು ಮಂಡಳಿಗೆ ಕೊಡುತ್ತಿದ್ದೇನೆ. ಅದಕ್ಕೆ ಮುಂಚೆ ಆ ಘಟಕದಲ್ಲಿ ಕವಾಯತು ನಡೆಸಿ ಅಳತೆ ತೆಗೆಯುತ್ತೇವೆ. ಯಂತ್ರ ಸುರಕ್ಷತೆಯ ಕೈಕೆಲಸದ ಭಾಗ ತರಗತಿಯಲ್ಲೂ ಯಂತ್ರದ ಮುಂದೆಯೂ ಮುಂದುವರಿಯುತ್ತದೆ. 500 ದಿನಗಳ ಲೆಕ್ಕವನ್ನು ಪ್ರಸ್ತಾವದ ಮೊದಲ ಪುಟದಲ್ಲೇ ಹಾಕಿದ್ದೇನೆ.

ಅಂಕಗಳನ್ನು ಯಾರು ನೋಡಬಹುದೆಂಬುದರ ಬಗ್ಗೆ ಮಾತ್ರ ನಮ್ಮಲ್ಲಿ ಒಮ್ಮತ ಬರಲಿಲ್ಲ. ಬಡ್ತಿಯ ಸಮಯದಲ್ಲಿ ಅದನ್ನು ಬಳಸಬಹುದೆಂದು ಕೆಲವರು ಹೇಳುತ್ತಾರೆ.

ಮೂರನೆಯ ಉತ್ತರ ಬರೆದ ಮೇಲ್ವಿಚಾರಕರಿಂದ

ಬಡ್ತಿಗೆ ಬಳಸುತ್ತಾರೆಂದು ಗೊತ್ತಾದ ದಿನವೇ ಉತ್ತರಗಳು ಕೈಯಿಂದ ಕೈಗೆ ಓಡಾಡಲು ಆರಂಭವಾಗುತ್ತವೆ, ಆಮೇಲೆ ನಿಮ್ಮ ಅಂಕಿಯಿಂದ ಯಾವುದೂ ತಿಳಿಯುವುದಿಲ್ಲ. ಮೇಲ್ವಿಚಾರಕನಾಗಿ ನನಗೆ ಬೇಕಾದದ್ದು ನನ್ನ ಮೂವತ್ತು ಜನರಲ್ಲಿ ಯಾರು ಯಾವ ಕೆಲಸಕ್ಕೆ ಅರ್ಹರಾಗಿದ್ದಾರೆ, ಯಾರಿಗೆ ಇನ್ನೂ ಸಹಾಯ ಬೇಕು ಎಂಬುದಷ್ಟೆ. ಅಂಕ ನನಗೂ ಬೇಡ.

ಪ್ರಶ್ನೆ ಕೇಳಿದವರಿಂದ

ಸರಿ. ‘ನಿಮ್ಮ ಅಂಕಗಳನ್ನು ನೀವು ಮತ್ತು ತರಬೇತಿ ವಿಭಾಗದವರು ಮಾತ್ರ ನೋಡುತ್ತೀರಿ, ಮೇಲ್ವಿಚಾರಕರಿಗೆ ಅರ್ಹತೆಯ ವಿವರ ಮಾತ್ರ ಕಾಣುತ್ತದೆ, ಬಡ್ತಿಗೆ ಇವುಗಳನ್ನು ಬಳಸುವುದಿಲ್ಲ’ ಎಂಬ ವಾಕ್ಯವನ್ನು ಪ್ರತಿ ಪಾಠದ ಮೊದಲ ಪುಟದಲ್ಲಿ ಹಾಕಲು ಅನುಮತಿ ಕೋರಿ ನಾಳೆಯೇ ಬರೆಯುತ್ತೇನೆ. ಅನುಮತಿ ಸಿಗುವವರೆಗೆ ಮೊದಲ ಘಟಕದಲ್ಲಿ ಪರೀಕ್ಷೆಯ ಭಾಗವನ್ನು ತೆರೆಯುವುದಿಲ್ಲ.